ಆರೋಗ್ಯ ಪಾಠ 31: ಮಾತು ನಿಲ್ಲದ ಹಾಗೆ ಓಡುವುದು



ಮಳೆಗಾಲದ ಶುರುವಿನಲ್ಲಿ ನಡಿಗೆಯ ಪಾಠ ಕಳಿಸಿದ್ದೆ. ಆಗ ಹಲವರು "ನಡಿಗೆ ಆಯಿತು ಡಾಕ್ಟ್ರೇ, ಓಟದ ಬಗ್ಗೆ ಬರೆಯಿರಿ" ಎಂದು ಕೇಳಿದ್ದಿರಿ. ಅವುಗಳಲ್ಲಿ ಠಾಣೆಯಿಂದ ಬಂದ ಒಂದು ಧ್ವನಿ ಸಂದೇಶ ನನ್ನ ಮನಸ್ಸಿನಲ್ಲೇ ಉಳಿಯಿತು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದರು. ಊರು ಗದಗದ ಕಡೆ. ವಯಸ್ಸು 46. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ. ಆಫೀಸಿನ ಹತ್ತು ಜನ ಸೇರಿ ಜನವರಿಯ ಮುಂಬೈ ಓಟದಲ್ಲಿ ಹಾಫ್ ಮ್ಯಾರಥಾನ್, ಅಂದರೆ 21.1 ಕಿಲೋಮೀಟರ್, ಓಡುವುದೆಂದು ತೀರ್ಮಾನಿಸಿದ್ದಾರೆ. ಇವರೂ ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಓಡುತ್ತಿದ್ದಾರೆ.

"ನಾಲ್ಕು ಕಿಲೋಮೀಟರಿಗೇ ಉಸಿರು ಕಟ್ಟುತ್ತೆ ಸಾರ್. ಮೊಳಕಾಲ ಕೆಳಗೆ ಎಲುಬು ನೋಯುತ್ತೆ. ಎರಡು ತಿಂಗಳಾದರೂ ಐದು ದಾಟಿಲ್ಲ. ಇಪ್ಪತ್ತೊಂದು ಹೇಗೆ ಓಡಲಿ? ವಯಸ್ಸಾಯಿತು ಅನಿಸುತ್ತೆ. ಬಿಟ್ಟುಬಿಡಲಾ?"

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗುತ್ತದೆಯೇ?

"ಮಾತಾ? ಉಸಿರಾಡೋದೇ ಕಷ್ಟ ಸಾರ್!"

ತೊಂದರೆ ಅಲ್ಲೇ ಇತ್ತು. ಅವರಿಗೆ ವಯಸ್ಸಾಗಿರಲಿಲ್ಲ, ಶಕ್ತಿಯೂ ಕಡಿಮೆ ಇರಲಿಲ್ಲ. ದಿನಾ ತಮ್ಮ ದೇಹ ತಾಳುವುದಕ್ಕಿಂತ ಜೋರಾಗಿ ಓಡುತ್ತಿದ್ದರು, ಅಷ್ಟೆ. ಹೊಸದಾಗಿ ಓಡುವವರಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಮೊದಲನೆಯದು ಇದು. ದೂರ ಓಡಬೇಕಾದರೆ ಅಭ್ಯಾಸದ ಬಹುಪಾಲು ನಿಧಾನವಾಗಿ, ನಿರಾಳವಾಗಿ ಇರಬೇಕು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಮಾಡಲು ಹೋದರೆ ಕಷ್ಟ, ಯಾಕೆಂದರೆ ನಿಧಾನ ಓಡಲು ನಮಗೆ ನಾಚಿಕೆ.

*ನಿಧಾನ ಎಂದರೆ ಎಷ್ಟು ನಿಧಾನ?*

ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು. "ನಿನ್ನೆ ಸಂಜೆ ಸೊಸೈಟಿ ಮೀಟಿಂಗಿನಲ್ಲಿ ನೀರಿನ ಬಿಲ್ಲಿನ ವಿಷಯ ಬಂತು, ಯಾರೂ ಒಪ್ಪಲಿಲ್ಲ" ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಲು ಬಂದರೆ ವೇಗ ಸರಿಯಿದೆ. "ನಿನ್ನೆ... ಸಂಜೆ... ಮೀಟಿಂಗು..." ಎಂದು ತುಂಡು ತುಂಡಾದರೆ ವೇಗ ಹೆಚ್ಚಾಯಿತು. ಇದು ಹಗುರವಾದ ಲೆಕ್ಕಾಚಾರವಲ್ಲ. ಓಟದ ಜೋರು ಒಂದು ಮಟ್ಟ ದಾಟಿದಾಗ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಹೆಚ್ಚುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದನ್ನು ಹೊರಹಾಕಲು ಉಸಿರಾಟ ಏಕಾಏಕಿ ಏರುತ್ತದೆ. ಆಗ ಮಾತಿಗೆ ಉಸಿರು ಉಳಿಯುವುದಿಲ್ಲ. ಲ್ಯಾಬಿನಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ಬೆರಳು ಚುಚ್ಚಿ ರಕ್ತ ತೆಗೆದು ಪತ್ತೆ ಮಾಡುವ ಆ ಗಡಿಯನ್ನು ನಮ್ಮ ನಾಲಿಗೆ ಪುಕ್ಕಟೆಯಾಗಿ ತೋರಿಸಿಕೊಡುತ್ತದೆ.

ಒಬ್ಬರೇ ಓಡುವವರು ಏನು ಮಾಡಬೇಕು? ಮಗ್ಗಿ ಹೇಳಿ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಹದಿಮೂರ್ಮೂರ್ಲ ಮೂವತ್ತೊಂಬತ್ತು. ಒಂದೇ ಉಸಿರಿಗೆ ಮೂರು ಸಾಲು ಬಂದರೆ ನಿರಾಳ ಓಟ. ಒಂದು ಸಾಲಿಗೇ ತಡವರಿಸಿದರೆ ನಿಧಾನ ಮಾಡಿ. (ಹದಿಮೂರರ ಮಗ್ಗಿಯೇ ಮರೆತಿದ್ದರೆ ಅದು ಬೇರೆ ಕಾಯಿಲೆ.) ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಮಗ್ಗಿ ಬರುವುದಿಲ್ಲ, ಅವರು ಬಾಯಿಗೆ ಬಂದ ಭಾಷೆಯಲ್ಲಿ ಹೇಳಲಿ.

ನನ್ನ ಸ್ವಂತ ಪರೀಕ್ಷೆ ಬೇರೆ. ಭಾನುವಾರ ಬೆಳಿಗ್ಗೆ ಉದ್ದದ ಓಟದ ನಡುವೆ ಧಾರವಾಡಕ್ಕೆ ಫೋನ್ ಮಾಡುತ್ತೇನೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್, ಇನ್ನೊಂದು ಕಿವಿ ರಸ್ತೆಗೆ. ಅವ್ವ ಊರ ಸುದ್ದಿ ಹೇಳುತ್ತಾಳೆ, ನಾನು ಉತ್ತರ ಕೊಡುತ್ತೇನೆ. "ಯಾಕೋ ತಮ್ಮಾ, ಹಿಂಗ್ಯಾಕ ತೇಕಾಕತ್ತಿ? ಮೈಯಾಗ ಆರಾಮ ಐತಿಲ್ಲೋ?" ಎಂದು ಅವಳು ಕೇಳಿದರೆ ವೇಗ ಮೀರಿದೆ ಎಂದೇ ಅರ್ಥ. ಕೂಡಲೇ ನಿಧಾನ ಮಾಡುತ್ತೇನೆ. ಯಾವ ಕೈಗಡಿಯಾರವೂ ಇಷ್ಟು ಖಚಿತವಾಗಿ ಹೇಳಿದ್ದಿಲ್ಲ.

ಕೈಗಡಿಯಾರದ ಮಾತು ಬಂತು. ಅದು ತೋರಿಸುವ ಹೃದಯ ಬಡಿತವನ್ನು ನಂಬಬಹುದೇ ಎಂದು ಕೇಳುತ್ತೀರಿ. ಅರ್ಧ ನಂಬಿ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ, ಅದರ ಶೇಕಡಾ 60ರಿಂದ 75ರೊಳಗೆ ಇದ್ದರೆ ನಿರಾಳ ಎಂಬ ಲೆಕ್ಕ ರೂಢಿಯಲ್ಲಿದೆ. 46 ವಯಸ್ಸಿನವರಿಗೆ ಗರಿಷ್ಠ 174, ನಿರಾಳ ಓಟ ಸುಮಾರು 104ರಿಂದ 130. ಆದರೆ ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ ಇಪ್ಪತ್ತರಷ್ಟು ವ್ಯತ್ಯಾಸ ಇರುವುದು ಸಾಮಾನ್ಯ. ಅದೂ ಅಲ್ಲದೆ ಮಣಿಕಟ್ಟಿನ ಗಡಿಯಾರಗಳು ಕೆಲವೊಮ್ಮೆ ಹೃದಯದ ಬಡಿತದ ಬದಲು ಹೆಜ್ಜೆಯ ಬಡಿತವನ್ನೇ ಎಣಿಸಿ 170 ಎಂದು ತೋರಿಸಿ ಹೆದರಿಸುತ್ತವೆ. ಬಿಪಿಗೆ ಅಟೆನಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಔಷಧಿಯಿಂದಲೇ ಕಡಿಮೆ ಇರುತ್ತದೆ, ಆ ಅಂಕಿ ನೋಡಿ ಇನ್ನೂ ಜೋರು ಓಡಬಹುದು ಅಂದುಕೊಂಡರೆ ಅಪಾಯ. ಅವರಿಗೆ ಮಾತಿನ ಪರೀಕ್ಷೆಯೇ ಸರಿ.

ಇನ್ನು ವೇಗದ ಲೆಕ್ಕ ಬೇಕೆನ್ನುವವರಿಗೆ: 10 ಕಿಲೋಮೀಟರನ್ನು ಪೂರ್ತಿ ಶಕ್ತಿ ಹಾಕಿ 60 ನಿಮಿಷದಲ್ಲಿ ಓಡಬಲ್ಲವರು, ಅಂದರೆ ಕಿಲೋಮೀಟರಿಗೆ 6 ನಿಮಿಷ, ಅಭ್ಯಾಸದ ದಿನಗಳಲ್ಲಿ 7ರಿಂದ ಏಳೂವರೆ ನಿಮಿಷ ತೆಗೆದುಕೊಂಡರೆ ಸರಿ. ಎಂಟಾದರೂ ನಷ್ಟವಿಲ್ಲ. ಈಗಷ್ಟೇ ಶುರು ಮಾಡಿದವರಿಗೆ ಅದು 9 ನಿಮಿಷವೂ ಆಗಬಹುದು, ನಡುನಡುವೆ ನಡೆಯಬೇಕಾಗಿಯೂ ಬರಬಹುದು.

*ನಿಧಾನ ಓಡಿದರೆ ಒಳಗೆ ಏನು ನಡೆಯುತ್ತದೆ?*

ಇದು ತಿಳಿಯದೆ ಹೋದರೆ ನಿಧಾನ ಓಡಲು ಮನಸ್ಸೇ ಒಪ್ಪುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ದೇಹದಲ್ಲಿ ಓಟಕ್ಕೆ ಎರಡು ಇಂಧನ. ಒಂದು, ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ, ಅದಕ್ಕೆ ಗ್ಲೈಕೋಜೆನ್ ಎನ್ನುತ್ತಾರೆ. ಎರಡು, ಕೊಬ್ಬು. ಗ್ಲೈಕೋಜೆನ್ ಒಟ್ಟು 400ರಿಂದ 500 ಗ್ರಾಂ ಇರುತ್ತದೆ, ಅದರಿಂದ ಹೆಚ್ಚೆಂದರೆ 2000 ಕ್ಯಾಲೊರಿ. ಓಟಕ್ಕೆ ಪ್ರತಿ ಕಿಲೋಮೀಟರಿಗೆ, ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚು. 65 ಕಿಲೋ ಇರುವವರಿಗೆ ಕಿಲೋಮೀಟರಿಗೆ 65. ಭಾಗಿಸಿ ನೋಡಿ, ಬರೀ ಸಕ್ಕರೆಯ ಮೇಲೆ ಓಡಿದರೆ 30 ಕಿಲೋಮೀಟರಿಗೆ ಖಜಾನೆ ಖಾಲಿ. ಪೂರ್ತಿ ಮ್ಯಾರಥಾನ್ ಓಡುವವರು 30, 32ರ ಹತ್ತಿರ ಗೋಡೆಗೆ ಬಡಿದ ಹಾಗೆ ನಿಲ್ಲುವುದು ಇದಕ್ಕೇ.

ಹಾಗಾದರೆ 21ಕ್ಕೆ ಸಾಕಾಯಿತಲ್ಲ ಎನ್ನಬಹುದು. ಕಾಗದದ ಮೇಲೆ ಸಾಕು. ಆದರೆ ಒಂದು ಸ್ನಾಯುವಿನಲ್ಲಿರುವ ಗ್ಲೈಕೋಜೆನ್ ಇನ್ನೊಂದಕ್ಕೆ ಸಿಗುವುದಿಲ್ಲ. ತೋಳಿನಲ್ಲಿರುವ ದಾಸ್ತಾನು ತೋಳಿಗೇ, ಅದು ಮೀನಖಂಡದ ಸಹಾಯಕ್ಕೆ ಬರುವುದಿಲ್ಲ. ಜೋರಾಗಿ ಓಡಿದಷ್ಟೂ ಕಾಲುಗಳು ತಮ್ಮ ಪಾಲನ್ನು ಬೇಗ ಮುಗಿಸಿಕೊಳ್ಳುತ್ತವೆ.

ಕೊಬ್ಬಿನ ಲೆಕ್ಕ ಬೇರೆ. ಒಂದು ಕಿಲೋ ಕೊಬ್ಬಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಇದೆ, ನಮ್ಮಲ್ಲಿ ಬಡಕಲು ಮನುಷ್ಯನ ಮೈಯಲ್ಲೂ ಅದು ಹಲವು ಕಿಲೋ ಇರುತ್ತದೆ. ಆದರೆ ಕೊಬ್ಬು ಸೌದೆಯ ದಿಮ್ಮಿಯ ಹಾಗೆ, ನಿಧಾನವಾಗಿ ಉರಿಯುತ್ತದೆ, ಉರಿಯಲು ಗಾಳಿ ಬೇಕು. ಆಮ್ಲಜನಕ ಸಾಕಷ್ಟು ಸಿಗುವ ನಿರಾಳ ಓಟದಲ್ಲಿ ಮಾತ್ರ ಅದು ದೊಡ್ಡ ಪಾಲು ಹೊರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೆ ಓಡಿದಾಗ ಸ್ನಾಯುಗಳ ಒಳಗೆ ಮೈಟೋಕಾಂಡ್ರಿಯಾ ಎಂಬ ಒಲೆಗಳು ಹೆಚ್ಚುತ್ತವೆ, ಅವುಗಳಿಗೆ ರಕ್ತ ತರುವ ಕೂದಲೆಳೆಯಂಥ ನಾಳಗಳು ಹೊಸದಾಗಿ ಹುಟ್ಟುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ ಬರೆದಿಡಿ. ಮೂರು ತಿಂಗಳ ನಂತರ ಅದು ಇಳಿದಿದ್ದರೆ ಕೆಲಸ ಆಗುತ್ತಿದೆ ಎಂದು ತಿಳಿಯಿರಿ.

ಸಕ್ಕರೆ ಗಡಿಯಲ್ಲಿರುವವರಿಗೆ ಇನ್ನೊಂದು ಲಾಭ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಓಟ ಮುಗಿದ ಮೇಲೂ ಒಂದೆರಡು ದಿನ ದೇಹ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಆದ್ದರಿಂದ ಒಂದು ದಿನ ಸತ್ತುಬಿದ್ದು ಓಡಿ ನಾಲ್ಕು ದಿನ ಮಲಗುವುದಕ್ಕಿಂತ, ದಿನಬಿಟ್ಟು ದಿನ ಹದವಾಗಿ ಓಡುವುದು ಮೇಲು.

*ಎಲುಬಿಗೆ ಸಮಯ ಬೇಕು*

ಇದು ನನ್ನದೇ ಕಥೆ. ಹೇಳಲು ಸಂಕೋಚವಿದೆ, ವೈದ್ಯನಾಗಿ ಗೊತ್ತಿದ್ದೂ ಮಾಡಿದ ತಪ್ಪು. 44ನೇ ವಯಸ್ಸಿನಲ್ಲಿ ಪುಣೆಯಲ್ಲಿ ಓಡಲು ಶುರು ಮಾಡಿದೆ. ಮೊದಲ ತಿಂಗಳು ಉಸಿರು ಕಷ್ಟವಾಯಿತು, ಎರಡನೇ ತಿಂಗಳಿಗೆ ಸಲೀಸಾಯಿತು. ಸಲೀಸಾಯಿತಲ್ಲ ಎಂದು ದಿನಾ ನಿನ್ನೆಗಿಂತ ಹತ್ತು ಸೆಕೆಂಡ್ ಬೇಗ ಮುಗಿಸುವ ಹಟ ಹಿಡಿದೆ. ಫೋನಿನ ಆ್ಯಪ್ ಬೇರೆ ಚಪ್ಪಾಳೆ ತಟ್ಟುತ್ತಿತ್ತು. ಮೂರನೇ ತಿಂಗಳಲ್ಲಿ ಎಡಗಾಲಿನ ಮೊಳಕಾಲ ಕೆಳಗೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವು. ಮಾತ್ರೆ ನುಂಗಿ ಓಡಿದೆ. ರೋಗಿಗಳಿಗೆ ಬೈಯುವ ಕೆಲಸವನ್ನು ನಾನೇ ಮಾಡಿದೆ. ಎಲುಬಿನಲ್ಲಿ ಬಿರುಕು ಬಿಟ್ಟಿತ್ತು. ಎಂಟು ವಾರ ಓಟವಿಲ್ಲ. ಓಟದ ದಿನ ಬಾಲ್ಕನಿಯಲ್ಲಿ ಕೂತು ಅವಲಕ್ಕಿ ತಿಂದೆ.

ಆಗಿದ್ದೇನೆಂದರೆ, ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಎಲುಬು, ಹಿಮ್ಮಡಿಯ ಮೇಲಿನ ದಪ್ಪ ಹಗ್ಗದಂಥ ಸ್ನಾಯುರಜ್ಜು, ಮೊಳಕಾಲಿನ ಕೀಲು, ಇವಕ್ಕೆ ತಿಂಗಳುಗಳು ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿಗೆ ಬರುತ್ತದೆ, ನಿಮಿಷಕ್ಕೆ 160ಕ್ಕೂ ಹೆಚ್ಚು ಹೆಜ್ಜೆ. ಉಸಿರು "ಓಡು" ಅನ್ನುವಾಗ ಎಲುಬು ಇನ್ನೂ ತಯಾರಾಗಿರುವುದಿಲ್ಲ. ಆ ತಿಂಗಳುಗಳನ್ನು ದಾಟಿಸುವುದೇ ನಿಧಾನ ಓಟದ ದೊಡ್ಡ ಉಪಕಾರ.

ಮೊಳಕಾಲ ಕೆಳಗೆ ನೋವಿರುವವರು ಹೀಗೆ ನೋಡಿಕೊಳ್ಳಿ. ಎಲುಬಿನ ಒಳಅಂಚಿನ ಉದ್ದಕ್ಕೂ ಗೇಣುದ್ದ ಹರಡಿದ ನೋವು, ಓಡುತ್ತಾ ಮೈ ಬಿಸಿಯಾದಂತೆ ಕಡಿಮೆಯಾದರೆ, ಅದು ಹೆಚ್ಚಾಗಿ ಸ್ನಾಯು ಎಳೆತದ ನೋವು. ಕೆಲವು ದಿನ ನಿಲ್ಲಿಸಿ, ನಡೆದು, ಮತ್ತೆ ಕಡಿಮೆ ದೂರದಿಂದ ಶುರು ಮಾಡಬಹುದು. ಬೆರಳ ತುದಿಯಿಂದ ಒತ್ತಿದರೆ ಒಂದೇ ಚುಕ್ಕೆಯಲ್ಲಿ ಜೀವ ಹೋಗುವಷ್ಟು ನೋವು, ಓಡಿದಷ್ಟೂ ಹೆಚ್ಚುವುದು, ರಾತ್ರಿ ಮಲಗಿದಾಗಲೂ ನೋಯುವುದು ಇದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಶುರುವಿನ ಬಿರುಕು ಎಕ್ಸ್-ರೇಯಲ್ಲಿ ಕಾಣದೆ ಇರಬಹುದು ಎಂಬುದೂ ನೆನಪಿರಲಿ. ಠಾಣೆಯವರದು ಅದೃಷ್ಟಕ್ಕೆ ಮೊದಲನೆಯ ಜಾತಿಯದು. ಎರಡು ವಾರ ಓಟ ಬಿಡಿಸಿ ನಡೆಸಿದೆ.

*ನ್ಯೂಜಿಲೆಂಡಿನ ಶೂ ಕಾರ್ಖಾನೆಯವನು*

ಈ ಪದ್ಧತಿ ಎಲ್ಲಿಂದ ಬಂತು ಎಂಬುದೂ ತಿಳಿಯಲು ಚೆನ್ನಾಗಿದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯರ್ಡ್ ಎಂಬುವರಿದ್ದರು. ಶೂ ಕಾರ್ಖಾನೆಯಲ್ಲಿ ಕೆಲಸ. ಯಾವ ಡಿಗ್ರಿಯೂ ಇಲ್ಲ. ವರ್ಷಗಟ್ಟಲೆ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಮೊದಲು ಏದುಸಿರು ಬಾರದ ಓಟದಲ್ಲಿ ದೂರದ ಬುನಾದಿ ಹಾಕಬೇಕು, ಜೋರು ಓಟ ಆಮೇಲೆ ಎಂಬ ತೀರ್ಮಾನಕ್ಕೆ ಬಂದರು. ಅವರ ಹುಡುಗರು ಬುನಾದಿಯ ತಿಂಗಳುಗಳಲ್ಲಿ ವಾರಕ್ಕೆ 100 ಮೈಲಿ, ಅಂದರೆ 160 ಕಿಲೋಮೀಟರ್ ಓಡುತ್ತಿದ್ದರು. ಭಾನುವಾರ ಬೆಟ್ಟದ ದಾರಿಯಲ್ಲಿ 22 ಮೈಲಿ. ಅವರಲ್ಲಿ ಪೀಟರ್ ಸ್ನೆಲ್ ಎಂಬ ಹುಡುಗನ ಸ್ಪರ್ಧೆ ಬರೀ 800 ಮೀಟರ್, ಎರಡು ನಿಮಿಷದೊಳಗೆ ಮುಗಿಯುವಂಥದ್ದು. ಅದಕ್ಕೆ 35 ಕಿಲೋಮೀಟರ್ ಯಾಕೆ ಎಂದು ಯಾರಿಗಾದರೂ ಅನಿಸಬೇಕು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದರು. ಅದೇ ದಿನ ಲಿಡಿಯರ್ಡರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5000 ಮೀಟರ್ ಚಿನ್ನ ಗೆದ್ದರು. ಮೂರನೆಯವರಾದ ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ತಂದರು.

ಆ ಹುಡುಗರ ಓಟ ನಮ್ಮ ಕಣ್ಣಿಗೆ ನಿಧಾನವಲ್ಲ, ಅದನ್ನೂ ಹೇಳಿಬಿಡಬೇಕು. ಅವರ ನಿರಾಳದ ವೇಗ ನಮಗೆ ಪ್ರಾಣ ಹೋಗುವ ವೇಗ. ಅಳತೆ ಒಂದೇ, ಏದುಸಿರು ಬಾರದಿರುವುದು. ಅಂಕಿ ಅವರವರದು.

ನನಗೆ ಪದಕಕ್ಕಿಂತ ಹೆಚ್ಚು ಇಷ್ಟವಾದದ್ದು ಮುಂದಿನ ಕಥೆ. 1960ರ ದಶಕದ ಶುರುವಿನಲ್ಲಿ ಲಿಡಿಯರ್ಡ್ ಇದೇ ಪದ್ಧತಿಯನ್ನು ಆಕ್ಲೆಂಡಿನ ಸಾಮಾನ್ಯ ಮಧ್ಯವಯಸ್ಕರಿಗೆ, ಹೃದಯಾಘಾತವಾಗಿ ಚೇತರಿಸಿಕೊಂಡವರಿಗೂ, ಕಲಿಸಿದರು. ಹೃದಯದ ರೋಗಿ ಮಂಚ ಬಿಟ್ಟು ಏಳಬಾರದು ಎನ್ನುತ್ತಿದ್ದ ಕಾಲ ಅದು. 1962ರ ಕೊನೆಯಲ್ಲಿ ಅಮೆರಿಕದ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ವಯಸ್ಸು 51, ಕಾಲೇಜಿನ ಓಟಗಾರರಿಗೆ ಗುರು. ನಾನೂ ಬರುತ್ತೇನೆ ಎಂದು ಆ ಗುಂಪಿನ ಜೊತೆ ಹೊರಟವರು ಸ್ವಲ್ಪ ದೂರಕ್ಕೇ ಸೋತು ಹಿಂದೆ ಬಿದ್ದರು. ಅವರಿಗೆ ಜೊತೆಯಾಗಿ ಹಿಂದೆ ಉಳಿದು, ಮಾತಾಡಿಸುತ್ತಾ ದಾರಿ ತೋರಿಸಿದವರು ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡಿದ್ದ ಒಬ್ಬ ಅಜ್ಜ. ಬೋವರ್‌ಮನ್ ಊರಿಗೆ ಮರಳಿ ಒಬ್ಬ ಹೃದಯ ವೈದ್ಯರ ಜೊತೆ ಸೇರಿ ಜಾಗಿಂಗ್ ಬಗ್ಗೆ ಪುಸ್ತಕ ಬರೆದರು, ಅಮೆರಿಕದ ಮಂದಿ ಬೀದಿಗಿಳಿದು ಓಡಲು ಅದೂ ಒಂದು ಕಾರಣವಾಯಿತು. ಮುಂದೆ ನೈಕಿ ಆದ ಕಂಪನಿಯನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ.

ಈಗಿನ ಮಾತು ಹೇಳುವುದಾದರೆ, ನಾರ್ವೆಯಲ್ಲಿ ನೆಲೆಸಿದ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ದೊಡ್ಡ ಮಟ್ಟದ ಓಟಗಾರರು, ದೋಣಿ ಹುಟ್ಟು ಹಾಕುವವರು, ಹಿಮದ ಮೇಲೆ ಸ್ಕೀ ಮಾಡುವವರು ಹೇಗೆ ತಯಾರಾಗುತ್ತಾರೆ ಎಂದು ನೋಡಿದರು. ಹತ್ತರಲ್ಲಿ ಸುಮಾರು ಎಂಟು ಅಭ್ಯಾಸಗಳು ನಿರಾಳ, ಎರಡು ಮಾತ್ರ ಜೋರು. ನಮ್ಮಂಥವರು ಮಾಡುವುದು ಇವೆರಡೂ ಅಲ್ಲ. ಹತ್ತಕ್ಕೆ ಹತ್ತೂ ಎಡಬಿಡಂಗಿ ವೇಗ: ನಿರಾಳ ಎನ್ನಲು ಜೋರು, ಜೋರು ಎನ್ನಲು ಮಂದ. ದಣಿವು ಪೂರ್ತಿ, ಫಲ ಅರ್ಧ.

*ನಾಚಿಕೆಯ ವಿಷಯ*

ಠಾಣೆಯವರಿಗೆ ನಿಧಾನ ಓಡಿ ಎಂದಾಗ ಅವರು ಹೇಳಿದ್ದು: "ಸಾರ್, ಹಂಗೆ ಓಡಿದರೆ ನಮ್ಮ ಬಿಲ್ಡಿಂಗಿನ ಆಂಟಿಯರು ನಡ್ಕೊಂಡೇ ನನ್ನ ದಾಟಿ ಹೋಗ್ತಾರೆ."

ಹೋಗಲಿ. ನಾವು ಊರು ಬಿಟ್ಟು ಬಂದವರು. ಇಲ್ಲಿ ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸಿಕೊಳ್ಳುವ ಚಟ ನಮಗೆ ಸ್ವಲ್ಪ ಜಾಸ್ತಿಯೇ ಇದೆ. ಆಫೀಸಿನಲ್ಲಿ ಅದು ಕೆಲಸಕ್ಕೆ ಬರಬಹುದು, ಬೆಳಿಗ್ಗೆ ಐದೂವರೆಗೆ ಪಾರ್ಕಿನಲ್ಲಿ ಬರುವುದಿಲ್ಲ. ಗುಂಪಿನಲ್ಲಿ ಓಡುವಾಗ ಈ ತೊಂದರೆ ಹೆಚ್ಚು. 28ರ ಹುಡುಗನ ನಿರಾಳದ ವೇಗಕ್ಕೆ 46ರವರು ಹೆಜ್ಜೆ ಹಾಕಿದರೆ ಹುಡುಗನಿಗೆ ಅದು ಅಭ್ಯಾಸ, ಇವರಿಗೆ ಸ್ಪರ್ಧೆ. ಗುಂಪಿನ ಜೊತೆ ಹೊರಡಿ, ಇಡ್ಲಿ ತಿನ್ನುವಾಗ ಗುಂಪಿನ ಜೊತೆ ಸೇರಿ, ನಡುವೆ ನಿಮ್ಮ ಪಾಡಿಗೆ ನೀವು ಓಡಿ. ಆ್ಯಪಿನಲ್ಲಿ ವೇಗ ಎಲ್ಲರಿಗೂ ಕಾಣುವ ಹಾಗಿದ್ದರೆ ಅದನ್ನು ಮುಚ್ಚಿಡಿ.

ನಡೆಯುವುದಕ್ಕೂ ನಾಚಬೇಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಎಂಬ ಓಟಗಾರರೇ ಹೊಸಬರಿಗೆ ಓಟ-ನಡಿಗೆ ಬೆರೆಸುವ ಪದ್ಧತಿ ಕಲಿಸಿದರು. ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮುಖ್ಯವಾದದ್ದು, ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ, ಮೊದಲ ಮೂರನೇ ನಿಮಿಷದಿಂದಲೇ ನಡೆಯುವುದು.

ಅಕ್ಕ-ತಂಗಿಯರ ತೊಂದರೆ ಬೇರೆ. ಚೆನ್ನೈನಿಂದ ಒಬ್ಬರು ಬರೆದಿದ್ದರು, ಮನೆಯವರು ಏಳುವ ಮುಂಚೆ ಮಾತ್ರ ಸಮಯ, ಕತ್ತಲಲ್ಲಿ ಒಬ್ಬಳೇ ರಸ್ತೆಗೆ ಹೋಗಲು ಭಯ ಎಂದು. ಭಯ ಸರಿಯಾದದ್ದೇ. ಅಪಾರ್ಟ್‌ಮೆಂಟ್ ಆವರಣದೊಳಗೇ ಸುತ್ತು ಹಾಕಿ, ಪ್ರತಿ ನಾಲ್ಕೈದು ಸುತ್ತಿಗೆ ದಿಕ್ಕು ಬದಲಿಸಿ, ಒಂದೇ ಕಾಲಿಗೆ ತಿರುವಿನ ಭಾರ ಬೀಳದಿರಲಿ. ಮತ್ತೆ ಮನೆಯ ಗಂಡಸರಿಗೆ ಒಂದು ಮಾತು: ವಾರಕ್ಕೆ ಮೂರು ದಿನ ಬೆಳಗಿನ ಡಬ್ಬಿ ನೀವು ಕಟ್ಟಿದರೆ ಅವರಿಗೂ ಬೆಳಕಿನಲ್ಲಿ ಓಡಲು ಆಗುತ್ತದೆ.

*ವಾರದ ಲೆಕ್ಕ*

ಠಾಣೆಯವರಿಗೆ ಕೊಟ್ಟದ್ದನ್ನೇ ಹೇಳುತ್ತೇನೆ, ಎಲ್ಲರಿಗೂ ಇದೇ ಎಂದಲ್ಲ. ದಿನಾ ಓಡುವುದು ಬಂದ್. ವಾರಕ್ಕೆ ನಾಲ್ಕು ದಿನ. ಮಂಗಳವಾರ 4 ಕಿಲೋಮೀಟರ್, ಗುರುವಾರ 4, ಶನಿವಾರ 3, ಎಲ್ಲವೂ ಮಗ್ಗಿಯ ವೇಗ. ಭಾನುವಾರ ಉದ್ದದ ಓಟ, 6ರಿಂದ ಶುರು, ವಾರಕ್ಕೆ ಒಂದು ಕಿಲೋಮೀಟರ್ ಹೆಚ್ಚಳ, ಪ್ರತಿ ನಾಲ್ಕನೇ ವಾರ ಎರಡು-ಮೂರು ಕಿಲೋಮೀಟರ್ ಹಿಂದಕ್ಕೆ. ಡಿಸೆಂಬರ್ ಕೊನೆಗೆ 17 ಮುಟ್ಟಿದರೆ ಸಾಕು. ಮನೆಯಲ್ಲಿ 21 ಓಡಿ ನೋಡುವ ಅಗತ್ಯವಿಲ್ಲ. ಎರಡು ತಿಂಗಳು ನೋವಿಲ್ಲದೆ ಕಳೆದ ಮೇಲೆ ಗುರುವಾರದ ಓಟದ ಕೊನೆಯಲ್ಲಿ 20 ಸೆಕೆಂಡಿನ ನಾಲ್ಕು ಚುರುಕು ಓಟ, ನಡುವೆ ಪೂರ್ತಿ ವಿಶ್ರಾಂತಿ. ಏರು ಬಂದಲ್ಲಿ ವೇಗ ಬಿಡಿ, ಉಸಿರು ಹಿಡಿದುಕೊಳ್ಳಿ. ಮುಂಬೈ ಓಡಿದವರಿಗೆ ಪೆಡ್ಡರ್ ರೋಡಿನ ಏರು ಗೊತ್ತು, ಮೊದಲ ಹತ್ತು ಕಿಲೋಮೀಟರಿನಲ್ಲಿ ಹಾರಾಡಿದವರೆಲ್ಲ ಅಲ್ಲಿ ನಡೆಯುತ್ತಿರುತ್ತಾರೆ.

ತಿನ್ನುವುದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಗಂಟೆಯೊಳಗಿನ ನಿರಾಳ ಓಟಕ್ಕೆ ಒಂದು ಬಾಳೆಹಣ್ಣು ಸಾಕು. ಮುಗಿದ ಮೇಲೆ ರಾಗಿ ಗಂಜಿಯೋ ಅವಲಕ್ಕಿಯೋ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಬಾಯಾರಿದಾಗ ನೀರು ಕುಡಿಯಿರಿ, ಲೀಟರುಗಟ್ಟಲೆ ಸುರಿದುಕೊಳ್ಳಬೇಡಿ, ರಕ್ತದಲ್ಲಿ ಉಪ್ಪಿನಂಶ ತೀರ ಇಳಿದರೆ ಅದೂ ಅಪಾಯವೇ.

ಊರಿಗೆ ತಕ್ಕ ಹಾಗೆ ನಿರಾಳದ ವೇಗವೂ ಬದಲಾಗುತ್ತದೆ. ಚೆನ್ನೈ, ಮುಂಬೈಗಳ ಸೆಕೆಯಲ್ಲಿ ಬೆವರು ಆರುವುದಿಲ್ಲ. ಮೈ ತಣಿಸಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಡಿಸೆಂಬರಿನಲ್ಲಿ ಏಳು ನಿಮಿಷಕ್ಕೆ ನಿರಾಳವಾಗಿದ್ದ ಕಿಲೋಮೀಟರ್ ಮೇ ತಿಂಗಳಲ್ಲಿ ಎಂಟಾಗುತ್ತದೆ, ಅದು ನಿಮ್ಮ ತಪ್ಪಲ್ಲ. ಪುಣೆಯ ಟೇಕಡಿಗಳಲ್ಲಿ, ಹೈದರಾಬಾದಿನ ಕೆಬಿಆರ್ ಪಾರ್ಕಿನ ಏರಿಳಿತದಲ್ಲಿ ಏರಿಗೆ ನಡೆಯಿರಿ. ದೆಹಲಿಯವರೇ, ನವೆಂಬರಿನಿಂದ ಜನವರಿಯವರೆಗೆ ಗಾಳಿಯ ಸೂಚ್ಯಂಕ ನೋಡದೆ ಹೊರಡಬೇಡಿ. ಓಡುವಾಗ ಕೂತಿದ್ದಕ್ಕಿಂತ ಹಲವು ಪಟ್ಟು ಗಾಳಿ ಒಳಗೆ ಹೋಗುತ್ತದೆ. ಹೊಗೆ ಕವಿದ ದಿನ ಮನೆಯೊಳಗೆ ಮೆಟ್ಟಿಲು ಹತ್ತಿ ಇಳಿದರೂ ಆದೀತು.

*ಯಾರು ಮೊದಲು ಪರೀಕ್ಷೆ ಮಾಡಿಸಬೇಕು?*

ದಕ್ಷಿಣ ಏಷ್ಯಾದ ನಮ್ಮ ಜನರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತವೆ. 40 ದಾಟಿದವರು, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಇರುವವರು, ಬೀಡಿ-ಸಿಗರೇಟು ಸೇದುವವರು, ತಂದೆಗೋ ಅಣ್ಣನಿಗೋ ಬೇಗ ಹೃದಯಾಘಾತ ಆಗಿದ್ದವರು ಓಟ ಶುರು ಮಾಡುವ ಮುಂಚೆ ವೈದ್ಯರನ್ನು ಕಾಣಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಸಕ್ಕರೆ ಓಡುವಾಗ ಮಾತ್ರವಲ್ಲ, ಅದೇ ರಾತ್ರಿಯೂ ಇಳಿಯಬಹುದು. ಓಡುವಾಗ ಎದೆ ಹಿಂಡಿದಂತೆ, ದವಡೆಗೋ ತೋಳಿಗೋ ನೋವು ಹರಿದಂತೆ, ಕಣ್ಣು ಕತ್ತಲಿಟ್ಟಂತೆ ಆದರೆ, ನಿನ್ನೆ ಸಲೀಸಾಗಿದ್ದ ವೇಗಕ್ಕೆ ಇವತ್ತು ವಿಪರೀತ ಉಬ್ಬಸವಾದರೆ, ಅಲ್ಲೇ ನಿಲ್ಲಿಸಿ. "ಗ್ಯಾಸ್ ಇರಬೇಕು" ಎಂದು ಮನೆಗೆ ನಡೆದು ಹೋಗಬೇಡಿ. ಸೀದಾ ಆಸ್ಪತ್ರೆಗೆ. ಜ್ವರ ಬಂದ ವಾರ ಓಟಕ್ಕೆ ರಜೆ.

ಠಾಣೆಯವರು ಮೊನ್ನೆ ಗಣೇಶ ಹಬ್ಬ ಕಳೆದ ಭಾನುವಾರ ಮತ್ತೆ ಸಂದೇಶ ಕಳಿಸಿದ್ದರು. ಉದ್ದದ ಓಟ ಆ ವಾರ 7 ಕಿಲೋಮೀಟರ್ ಇತ್ತು. ಇವರೂ ಗದಗಕ್ಕೆ ಫೋನ್ ಹಚ್ಚಿ ಓಡಿದ್ದಾರೆ. "ಸಾರ್, ಅವ್ವ ಮಾತು ಮುಗಿಸಲೇ ಇಲ್ಲ. ತಂಗಿ ಮಗಳ ಮದುವೆ ವಿಷಯ. ನೋಡಿದರೆ 9 ಆಗಿತ್ತು. ಕಿಲೋಮೀಟರಿಗೆ ಎಂಟೂ ಕಾಲು ನಿಮಿಷ. ಎಲುಬು ನೋಯಲಿಲ್ಲ."

ಮುಂದಿನ ವಾರ ಮತ್ತೆ 7ಕ್ಕೇ ನಿಲ್ಲಿಸಿ, ಮದುವೆಯ ಉಳಿದ ಮಾತು ಮನೆಗೆ ಬಂದು ಆಡಿ ಎಂದು ಉತ್ತರ ಬರೆದಿದ್ದೇನೆ.

ಪಾಠ 32: ಶೂ ಕೊಳ್ಳುವಾಗ ಏನು ನೋಡಬೇಕು, ಯಾವಾಗ ಬದಲಿಸಬೇಕು. ಪ್ರಶ್ನೆಗಳಿದ್ದರೆ ಭಾನುವಾರದೊಳಗೆ ಕಳಿಸಿ. ಹದಿಮೂರರ ಮಗ್ಗಿ ಎಷ್ಟರವರೆಗೆ ಬಂತು ಎಂಬುದನ್ನೂ ಬರೆಯಿರಿ.